ಬೇರೆಯವರ ಕ್ಯಾಂಪಿಂಗ್ ಬುಕಿಂಗ್ ಕೊಳ್ಳಬೇಡಿ: ಮೌಂಟ್ ಲೆಮ್ಮನ್‌ನಲ್ಲಿ ನಮಗೆ ಆದ ಮೋಸ

ದಯವಿಟ್ಟು ಪೂರ್ತಿ ಓದಿ. ಅರಿಜೋನಾದ ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್, ಟೂಸಾನ್ ಕಡೆ ಇರುವ ಕನ್ನಡದವರು ಖಂಡಿತ ಓದಿ. ಬೆಟ್ಟದ ಮೇಲಿನ ಕ್ಯಾಂಪ್‌ಗ್ರೌಂಡ್ ಬುಕಿಂಗ್ ಇದೆ, ನಮಗೆ ಹೋಗಲು ಆಗುತ್ತಿಲ್ಲ, ನೀವು ತಗೊಳ್ಳಿ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಎಷ್ಟೇ ಚೆನ್ನಾಗಿ ಮಾತಾಡಲಿ, ಕನ್ನಡದಲ್ಲೇ ಮಾತಾಡಲಿ, ಕೊಡಬೇಡಿ.

ಇದನ್ನು ಬರೆಯಲು ಕೂತು ನಾಲ್ಕು ದಿನ ಆಯಿತು. ಬರೆಯುವುದು, ಅಳಿಸುವುದು. ನಾಚಿಕೆ. ಆದರೆ ನಿನ್ನೆ ಇನ್ನೊಂದು ಮನೆಯವರಿಗೂ ಇದೇ ಥರ ಮೆಸೇಜ್ ಬಂದಿದೆ ಅಂತ ಗೊತ್ತಾಯಿತು. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಅಮ್ಮ ಏಪ್ರಿಲ್‌ನಲ್ಲಿ ಹಾಸನದಿಂದ ಬಂದರು. ಮೊದಲ ತಿಂಗಳು ಚೆನ್ನಾಗಿತ್ತು. ಜೂನ್ ಬಂತು ನೋಡಿ, ಮುಗಿಯಿತು. ಇಲ್ಲಿನ ಜೂನ್ ಗೊತ್ತಲ್ವಾ, 110 ಡಿಗ್ರಿ, ಅಂದರೆ ನಮ್ಮ ಲೆಕ್ಕದಲ್ಲಿ 43. ಅಪ್ಪನಿಗೆ ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋಗದಿದ್ದರೆ ಆಗುವುದಿಲ್ಲ. ಆರು ಗಂಟೆಗೇ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತೆ. ಇಬ್ಬರೂ ಏಸಿ ಕೆಳಗೆ ಕೂತು ಕಿಟಕಿ ಆಚೆ ನೋಡುತ್ತಾ ಇರುತ್ತಿದ್ದರು. ಅಮ್ಮ ಒಂದು ದಿನ, "ಇಲ್ಲಿ ಎಲ್ಲೂ ಮರ ಇಲ್ವಾ ಪುಟ್ಟಾ?" ಅಂತ ಕೇಳಿದರು.

ಅವತ್ತೇ ತಲೆಗೆ ಬಂದದ್ದು ಮೌಂಟ್ ಲೆಮ್ಮನ್. ಹೋದವರಿಗೆ ಗೊತ್ತು. ಟೂಸಾನ್ ದಾಟಿ ಕ್ಯಾಟಲೀನಾ ಹೈವೇ ಹಿಡಿದರೆ ಶುರುವಿನಲ್ಲಿ ಬರೀ ಸಗ್ವಾರೊ ಕಳ್ಳಿ, ಕಲ್ಲು, ಧೂಳು. ಒಂದು ಗಂಟೆ ಹತ್ತಿದರೆ ಪೈನ್ ಕಾಡು. ತುದಿ 9,157 ಅಡಿ. ರೋಸ್ ಕ್ಯಾನ್ಯನ್ ಕ್ಯಾಂಪ್‌ಗ್ರೌಂಡ್ ಇರುವುದು ಸುಮಾರು 7,000 ಅಡಿಯಲ್ಲಿ. ಪಕ್ಕದಲ್ಲೇ ಒಂದು ಸಣ್ಣ ಕೆರೆ, ಟ್ರೌಟ್ ಮೀನು ಹಿಡಿಯಲು ಜನ ಬರುತ್ತಾರೆ. ಜೂನ್‌ನಲ್ಲೂ ರಾತ್ರಿ ಸ್ವೆಟರ್ ಬೇಕು. ನಮ್ಮೂರ ಕಡೆಯ ಚಳಿ ಅಪ್ಪ ಅಮ್ಮನಿಗೆ ಅಲ್ಲಿ ಸಿಗುತ್ತೆ ಅಂತ ನನ್ನ ಆಸೆ.

ಸರ್ಕಾರಿ ಬುಕಿಂಗ್ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್ ತೆಗೆದು ನೋಡಿದೆ. ಶನಿವಾರ ಭಾನುವಾರ ಎಲ್ಲ ಭರ್ತಿ. ಆರು ತಿಂಗಳ ಮೊದಲೇ ಬುಕಿಂಗ್ ತೆರೆಯುತ್ತೆ, ತೆರೆದ ದಿನವೇ ಒಳ್ಳೆಯ ಜಾಗ ಹೋಗಿಬಿಡುತ್ತೆ, ಗೊತ್ತಿರುವ ವಿಷಯವೇ. ನಾನು ನಮ್ಮ ಕಡೆಯವರ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಸುಮ್ನೆ ಕೇಳಿದೆ, ಯಾರಾದರೂ ಕ್ಯಾನ್ಸಲ್ ಮಾಡುವವರಿದ್ದರೆ ಹೇಳಿ ಅಂತ. ಅದೇ ತಪ್ಪಾಯಿತು. ಹತ್ತು ನಿಮಿಷದಲ್ಲಿ ಒಬ್ಬ ಪರ್ಸನಲ್ ಮೆಸೇಜ್ ಮಾಡಿದ.

"ಅಕ್ಕಾ, ನಮ್ದು ಶುಕ್ರವಾರ, ಶನಿವಾರ ಎರಡು ರಾತ್ರಿ ಬುಕಿಂಗ್ ಇದೆ. ಮಗುಗೆ ಹುಷಾರಿಲ್ಲ, ಹೋಗಕ್ಕೆ ಆಗ್ತಿಲ್ಲ. ನಿಮಗೆ ಬೇಕಾ?"

ಆಮೇಲೆ ಫೋನ್ ಕೂಡ ಮಾಡಿದ. ಊರು ಯಾವುದು ಅಂತ ಕೇಳಿದ. ಹಾಸನ ಅಂದೆ. ತನ್ನ ಹೆಂಡತಿಯ ಊರು ಅರಸೀಕೆರೆ ಅಂದ. ಅಪ್ಪ ಅಮ್ಮ ಬಂದಿದ್ದಾರೆ ಅಂದಿದ್ದಕ್ಕೆ, "ಅವರಿಗೆ ಆ ಜಾಗ ತೋರಿಸ್ಲೇಬೇಕು ಅಕ್ಕಾ, ಸಂಜೆ ಕ್ಯಾಂಪ್‌ಫೈರ್ ಹಾಕಿ, ಮಜವಾಗಿರುತ್ತೆ" ಅಂದ. ಬುಕಿಂಗ್‌ನ ಸ್ಕ್ರೀನ್‌ಶಾಟ್ ಕಳಿಸಿದ. ಹೆಸರು, ಸೈಟ್ ನಂಬರ್, ತಾರೀಕು, ರಿಸರ್ವೇಷನ್ ನಂಬರ್ ಎಲ್ಲ ಇತ್ತು. 180 ಡಾಲರ್ ಕೇಳಿದ. ಸರ್ಕಾರಿ ದರ ಅದರ ಅರ್ಧವೂ ಆಗುವುದಿಲ್ಲ. ಅದು ನನಗೂ ಗೊತ್ತಿತ್ತು. "ಬೇರೆಯವರು 250 ಕೊಡ್ತೀನಿ ಅಂತಿದಾರೆ, ನಮ್ಮವರು ಅಂತ ನಿಮಗೆ ಕೊಡ್ತಿದೀನಿ ಅಕ್ಕಾ."

ನನ್ನ ಗಂಡ ಅವತ್ತೇ ಹೇಳಿದರು, ಬುಕಿಂಗ್ ಅವನ ಹೆಸರಲ್ಲಿದೆ, ನಾವು ಹೋದರೆ ಹೇಗೆ ಬಿಡುತ್ತಾರೆ ಅಂತ. ನಾನು ಅದನ್ನೇ ಅವನಿಗೆ ಕೇಳಿದೆ. "ಅಯ್ಯೋ ಅಕ್ಕಾ, ಅಲ್ಲಿ ಕ್ಯಾಂಪ್‌ಗ್ರೌಂಡ್ ನೋಡ್ಕೊಳ್ಳೋ ಒಬ್ಬರು ಹೋಸ್ಟ್ ಅಜ್ಜಿ ಇರ್ತಾರೆ, ನನ್ನ ಹೆಸರು ಹೇಳಿ ಸಾಕು. ಐಡಿ ಗೀಡಿ ಏನೂ ಕೇಳಲ್ಲ. ನಾವು ಎಷ್ಟೋ ಸಲ ಹೀಗೆ ಮಾಡಿದೀವಿ." ನಂಬಿದೆ. ಬ್ಯಾಂಕಿನಿಂದ ನೇರ ದುಡ್ಡು ಕಳಿಸುವ ಝೆಲ್‌ನಲ್ಲಿ ಕಳಿಸಿದೆ. ಇಷ್ಟು ಮಾತಾಡಿದ ಮೇಲೆ ಅನುಮಾನ ಪಡುವುದು ಕೆಟ್ಟದ್ದು ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಹೊರಟೆವು. ಅಮ್ಮ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಚಪಾತಿ, ಪಲ್ಯ, ಪುಳಿಯೋಗರೆ, ಮೊಸರನ್ನ ಮಾಡಿದ್ದರು. ಮೊಸರನ್ನ ಹುಳಿ ಬರಬಾರದು ಅಂತ ಹಾಲು ಜಾಸ್ತಿ ಹಾಕಿ, ಊರಿಂದ ತಂದ ಸ್ಟೀಲ್ ಡಬ್ಬಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿದ್ದರು. ಅಪ್ಪ ಮಂಕಿ ಕ್ಯಾಪ್ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಬೆಟ್ಟ ಹತ್ತುವಾಗ ಕಾರಿನ ಮೀಟರ್‌ನಲ್ಲಿ ಹೊರಗಿನ ಬಿಸಿ ಇಳಿಯುತ್ತಾ ಹೋಯಿತು. 104, 97, 88, 79. ಪ್ರತಿ ಸಲ ಅಪ್ಪ ಜೋರಾಗಿ ಓದಿ ಹೇಳುತ್ತಿದ್ದರು. ಕಿಟಕಿ ಇಳಿಸಿ ಪೈನ್ ವಾಸನೆ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡರು.

ಆರೂವರೆಗೆ ರೋಸ್ ಕ್ಯಾನ್ಯನ್ ತಲುಪಿದೆವು. ಒಳಗೆ ಹೋಗುವಾಗಲೇ ಒಂದು ಬೋರ್ಡ್: ಬೆಂಕಿ ನಿಷೇಧ, ಕ್ಯಾಂಪ್‌ಫೈರ್ ಇಲ್ಲ, ಇದ್ದಿಲ ಒಲೆಯೂ ಇಲ್ಲ. ಆಗಲೇ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಕೆಲವೇ ದಿನದ ಹಿಂದೆ ಕ್ಯಾಂಪ್‌ಫೈರ್ ಹಾಕಿ ಅಂದವನು ಇದನ್ನು ನೋಡಿಯೇ ಇಲ್ವಾ? ಈ ಬೆಟ್ಟದಲ್ಲಿ ಬೆಂಕಿ ಅಂದರೆ ಹುಡುಗಾಟ ಅಲ್ಲ. 2003ರ ಬೆಂಕಿಯಲ್ಲಿ ಮೇಲಿನ ಸಮ್ಮರ್‌ಹೇವನ್ ಊರಿನ ಮನೆ, ಅಂಗಡಿ ಸೇರಿ ಮುನ್ನೂರಕ್ಕೂ ಜಾಸ್ತಿ ಕಟ್ಟಡ ಸುಟ್ಟು ಹೋಗಿದ್ದವು. 2020ರ ಜೂನ್‌ನಲ್ಲಿ ಸಿಡಿಲು ಬಡಿದು ಇನ್ನೊಮ್ಮೆ ಹೊತ್ತಿಕೊಂಡು ಒಂದು ಲಕ್ಷ ಎಕರೆಗೂ ಮೇಲೆ ಸುಟ್ಟಿತು. ಅಲ್ಲಿಗೆ ಮೇಲಿಂದ ಮೇಲೆ ಹೋಗುವವರು ಯಾರೂ ಜೂನ್ ತಿಂಗಳಲ್ಲಿ ಬೆಂಕಿ ಹಾಕಿ ಅಂತ ಸಲೀಸಾಗಿ ಹೇಳುವುದಿಲ್ಲ.

ಸೈಟ್ ಹತ್ತಿರ ಬಂದೆವು. ಅಪ್ಪ ಇಳಿದವರೇ ಟೆಂಟ್ ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ಹೊರಟರು. ಅಲ್ಲಿ ಆಗಲೇ ಒಂದು ಟೆಂಟ್ ಇತ್ತು. ದೊಡ್ಡದು, ಕಿತ್ತಳೆ ಬಣ್ಣದ್ದು. ಪಕ್ಕದಲ್ಲಿ ಒಂದು ಮಗುವಿನ ಸೈಕಲ್. ನಂಬರ್ ಕಂಬಕ್ಕೆ ಕ್ಲಿಪ್ ಹಾಕಿ ಒಂದು ಚೀಟಿ ಸಿಕ್ಕಿಸಿದ್ದರು. ಬಗ್ಗಿ ಓದಿದೆ. ತಾರೀಕು ನಮ್ಮದೇ, ಶುಕ್ರವಾರದಿಂದ ಭಾನುವಾರ. ಹೆಸರು ಬೇರೆ. ಅವನ ಹೆಸರೂ ಅಲ್ಲ, ಬೇರೆ ಯಾರದೋ. ಮೂರು ಸಲ ಓದಿದೆ. ಟೆಂಟ್ ಒಳಗಿಂದ ಒಬ್ಬಾಕೆ ಬಂದು, ಏನಾದರೂ ಸಹಾಯ ಬೇಕಾ ಅಂತ ಕೇಳಿದರು. ನನಗೆ ಬಾಯಿಂದ ಮಾತೇ ಬರಲಿಲ್ಲ. ಅಪ್ಪ ಅಲ್ಲೇ ಟೆಂಟ್ ಚೀಲ ಹೊತ್ತು ನಿಂತಿದ್ದರು, ಎಲ್ಲಿ ಇಳಿಸಲಿ ಅಂತ ನನ್ನ ಮುಖ ನೋಡುತ್ತಾ. ಆ ನೋಟ ಇವತ್ತಿಗೂ ಕಣ್ಣ ಮುಂದೆ ಇದೆ.

ಹೋಸ್ಟ್ ಹತ್ತಿರ ಹೋದೆವು. ಅಜ್ಜಿ ಅಂದಿದ್ದ, ಇದ್ದದ್ದು ಒಬ್ಬರು ಗಡ್ಡದ ಹಿರಿಯರು. ಕೈಯಲ್ಲಿ ಪಟ್ಟಿ. ನಾನು ಸ್ಕ್ರೀನ್‌ಶಾಟ್ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿ ಹೇಳಿದರು: ಈ ಬುಕಿಂಗ್ ಕ್ಯಾನ್ಸಲ್ ಆಗಿದೆ. ಆ ಸೈಟ್ ಬುಧವಾರ ಮತ್ತೆ ಖಾಲಿ ಬಿತ್ತು, ಅವತ್ತೇ ಇವರು ಬುಕ್ ಮಾಡಿಕೊಂಡರು. ಬುಕ್ ಮಾಡಿದವರು ಐಡಿ ಸಮೇತ ಬಂದರೆ ಮಾತ್ರ ಒಳಗೆ ಬಿಡುವುದು.

ಬುಧವಾರ. ನಾನು ದುಡ್ಡು ಕಳಿಸಿದ್ದು ಮಂಗಳವಾರ ರಾತ್ರಿ.

ಅರ್ಥ ಆಯಿತಾ? ಸ್ಕ್ರೀನ್‌ಶಾಟ್ ಸುಳ್ಳಲ್ಲ, ಬುಕಿಂಗ್ ನಿಜವಾದದ್ದೇ. ನನ್ನ ಹತ್ತಿರ 180 ತಗೊಂಡು, ಮರುದಿನ ಅದನ್ನೇ ಕ್ಯಾನ್ಸಲ್ ಮಾಡಿ ಸರ್ಕಾರದಿಂದಲೂ ದುಡ್ಡು ವಾಪಸ್ ತಗೊಂಡಿದ್ದಾನೆ. ಹಿಂದಿನ ದಿನ ಅಥವಾ ಅದೇ ದಿನ ಕ್ಯಾನ್ಸಲ್ ಮಾಡಿದರೆ ಒಂದು ರಾತ್ರಿಯ ದುಡ್ಡು ಹೋಗುತ್ತೆ. ಅದಕ್ಕೇ ಬುಧವಾರವೇ ಮಾಡಿದ, ಬರೀ 10 ಡಾಲರ್ ಹಿಡಿದುಕೊಳ್ಳುತ್ತಾರೆ ಅಷ್ಟೇ. ಲೆಕ್ಕ ಹಾಕಿಯೇ ಮಾಡಿದ್ದಾನೆ. ಎರಡೂ ಕಡೆಯಿಂದ ದುಡ್ಡು.

ಅಲ್ಲಿ ಫೋನ್ ಸಿಗ್ನಲ್ ಸರಿಯಾಗಿ ಇರಲಿಲ್ಲ. ಮೇಲೆ ಸ್ಪೆನ್ಸರ್ ಕ್ಯಾನ್ಯನ್ ಕ್ಯಾಂಪ್‌ಗ್ರೌಂಡ್ ಕೂಡ ತುಂಬಿದೆ ಅಂದರು. ವಾಪಸ್ ಇಳಿದೆವು. ಜನರಲ್ ಹಿಚ್‌ಕಾಕ್ ಅಂತ ಒಂದು ಸಣ್ಣ ಕ್ಯಾಂಪ್‌ಗ್ರೌಂಡ್ ಇದೆ, ಮೊದಲು ಬಂದವರಿಗೆ ಮೊದಲು. ಶುಕ್ರವಾರ ಸಂಜೆ ಅಲ್ಲಿ ಯಾರು ಜಾಗ ಬಿಟ್ಟಿರುತ್ತಾರೆ? ಇನ್ನೂ ಕೆಳಗಿನ ಮೊಲಿನೊ ಬೇಸಿನ್ ಕ್ಯಾಂಪ್‌ಗ್ರೌಂಡ್ ಚಳಿಗಾಲದ ಜಾಗ, ಬೇಸಿಗೆಯಲ್ಲಿ ಮುಚ್ಚಿರುತ್ತೆ.

ಹಿಚ್‌ಕಾಕ್ ತಲುಪುವ ಮುಂಚೆ ದಾರಿಯಲ್ಲಿ ವಿಂಡಿ ಪಾಯಿಂಟ್‌ನಲ್ಲಿ ನಿಲ್ಲಿಸಿದ್ದೆವು. ಸಿಗ್ನಲ್ ಬಂತು. ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಮಾಡಿದೆ. ಬಂದ ಉತ್ತರಗಳು ಒಂದೊಂದೂ ಹಾಗೇ ಕೊಡುತ್ತೇನೆ.

"ಅಕ್ಕಾ ಸಿಸ್ಟಮ್ ಪ್ರಾಬ್ಲಮ್ ಇರಬೇಕು, ಹೋಸ್ಟ್‌ಗೆ ಸರಿಯಾಗಿ ನೋಡಕ್ಕೆ ಹೇಳಿ."

ಹೋಸ್ಟ್ ನೋಡಿದರು, ಬುಧವಾರ ಕ್ಯಾನ್ಸಲ್ ಆಗಿದೆ ಅಂತ ಬರೆದೆ.

"ನೀವು ಲೇಟಾಗಿ ಹೋದ್ರಿ ಅನ್ಸುತ್ತೆ, ಅದಕ್ಕೆ ಬೇರೆಯವರಿಗೆ ಕೊಟ್ಟಿರ್ತಾರೆ."

ಬುಧವಾರ ಅಂತ ಮತ್ತೆ ಬರೆದೆ. ಬುಧವಾರ, ಬುಧವಾರ.

"ನಾನ್ ಮಾಡಿಲ್ಲ ಅಕ್ಕಾ. ನನ್ನ ವೈಫ್ ಗೊತ್ತಿಲ್ದೆ ಮಾಡಿರಬಹುದು. ಅವಳನ್ನ ಕೇಳ್ತೀನಿ."

ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಕೆಳಗೆ ಟೂಸಾನ್ ಊರಿನ ದೀಪ ಒಂದೊಂದೇ ಹತ್ತುತ್ತಿತ್ತು. ಜನ ಬಂಡೆ ಮೇಲೆ ಕೂತು ಫೋಟೋ ತೆಗೆಯುತ್ತಿದ್ದರು. ಅಮ್ಮ ಕಾರಿನ ಡಿಕ್ಕಿ ತೆಗೆದು, ಒದ್ದೆ ಬಟ್ಟೆ ಬಿಚ್ಚಿ, ಮೊಸರನ್ನವನ್ನು ಪೇಪರ್ ತಟ್ಟೆಗೆ ಹಾಕಿ ಎಲ್ಲರಿಗೂ ಕೊಟ್ಟರು. ಗಾಳಿಗೆ ತಟ್ಟೆ ಹಾರದಂತೆ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದರು. "ಹೋಗ್ಲಿ ಬಿಡು ಪುಟ್ಟಾ, ಇಲ್ಲೂ ತಂಪಾಗೇ ಇದೆ" ಅಂದರು. ನನ್ನ ಗಂಡ ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ಸಮಾಧಾನ ಆಗುತ್ತಿತ್ತು.

ಕೊನೆಗೆ ಟೂಸಾನ್‌ನಲ್ಲಿ ಒಂದು ಮೋಟೆಲ್ ಹಿಡಿದೆವು. 165 ಡಾಲರ್. ಹೊರಗೆ ರಾತ್ರಿ ಹನ್ನೊಂದಕ್ಕೂ ಬಿಸಿ. ಅಪ್ಪ ಮಂಕಿ ಕ್ಯಾಪ್ ಜೇಬಿಂದ ತೆಗೆದು ಟೇಬಲ್ ಮೇಲೆ ಇಟ್ಟು ಮಲಗಿದರು.

ಮರುದಿನ ಅವನ ಮೆಸೇಜ್: "ರೀಫಂಡ್ ಬಂದ ಮೇಲೆ ಕಳಿಸ್ತೀನಿ ಅಕ್ಕಾ." ಅಂದರೆ ಕ್ಯಾನ್ಸಲ್ ಮಾಡಿದ್ದು ಒಪ್ಪಿಕೊಂಡ ಹಾಗೇ ಆಯಿತಲ್ವಾ? ಅದನ್ನೇ ಕೇಳಿದೆ. ನನ್ನ ದುಡ್ಡು ನನಗೆ ಕೊಡಲು ನಿಮ್ಮ ರೀಫಂಡ್ ಯಾಕೆ ಬರಬೇಕು ಅಂತಲೂ ಕೇಳಿದೆ. ಆಗ ಬಂತು ನೋಡಿ ಕೊನೆಯ ಉತ್ತರ:

"180 ಡಾಲರ್‌ಗೆ ಇಷ್ಟೊಂದು ಮಾಡ್ತೀರಲ್ಲ ಅಕ್ಕಾ. ಬುಕಿಂಗ್ ಮಾರೋದೇ ರೂಲ್ಸ್ ಪ್ರಕಾರ ತಪ್ಪು, ನೀವೂ ತಗೊಂಡಿದೀರಿ. ಯಾರ ಹತ್ರ ಹೋಗಿ ಹೇಳ್ತೀರಾ?"

ಆಮೇಲೆ ಬ್ಲಾಕ್.

ಈ ಮಾತಿಗೆ ನನಗೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಉರಿಯಿತು. ಅವನಿಗೆ ಮೊದಲೇ ಗೊತ್ತಿತ್ತು. ನಾವು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಇರುತ್ತೇವೆ ಅಂತ ನಂಬಿಯೇ ಈ ಕೆಲಸ ಮಾಡುತ್ತಿದ್ದಾನೆ. ಹೌದು, ಕೊಂಡದ್ದು ನನ್ನದೂ ತಪ್ಪು, ಒಪ್ಪುತ್ತೇನೆ. ಆದರೆ ಎಪ್ಪತ್ತು ದಾಟಿದ ಇಬ್ಬರನ್ನು ಬೆಟ್ಟದ ಮೇಲೆ ರಾತ್ರಿ ಜಾಗ ಇಲ್ಲದೆ ನಿಲ್ಲಿಸಿದ್ದು ಯಾರು? ಅವರು ಬರುತ್ತಾರೆ ಅಂತ ಗೊತ್ತಿದ್ದೂ ಮಾಡಿದನಲ್ಲ. ಅಕ್ಕಾ ಅಂತ ಕರೆದು ಮಾಡಿದನಲ್ಲ.

ಬ್ಯಾಂಕಿಗೆ ಫೋನ್ ಮಾಡಿದೆ. ನೀವೇ ಕಳಿಸಿದ ದುಡ್ಡು, ನಾವು ವಾಪಸ್ ತರಿಸಲು ಆಗುವುದಿಲ್ಲ ಅಂದರು. ಝೆಲ್ ಅಂದರೆ ಕೈಯಿಂದ ನೋಟು ಕೊಟ್ಟ ಹಾಗೇ. ಗ್ರೂಪಿನ ಅಡ್ಮಿನ್‌ಗೆ ಹೇಳಿದೆ, ಅವನು ಆಗಲೇ ಗ್ರೂಪ್ ಬಿಟ್ಟಿದ್ದ.

ನಿಮಗೆ ಹೇಳುವುದು ಇಷ್ಟೇ. ನಿಮ್ಮ ಹೆಸರಲ್ಲಿ ಬುಕಿಂಗ್ ಇಲ್ಲದಿದ್ದರೆ ಹೊರಡಬೇಡಿ. ಯಾರಾದರೂ ನಿಜವಾಗಿ ಬಿಟ್ಟುಕೊಡುವವರಾದರೆ ಅವರು ಕ್ಯಾನ್ಸಲ್ ಮಾಡಲಿ, ನೀವು ನಿಮ್ಮ ಅಕೌಂಟಿನಿಂದ ಬುಕ್ ಮಾಡಿ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಮಂಗಳವಾರ, ಬುಧವಾರ ವೆಬ್‌ಸೈಟ್ ನೋಡುತ್ತಾ ಇರಿ, ವಾರಾಂತ್ಯದ ಕ್ಯಾನ್ಸಲ್ ಆಗ ಬೀಳುತ್ತೆ. ನನ್ನದೇ ಸೈಟ್ ಬುಧವಾರ ಸಿಕ್ಕಿದ್ದು ಆ ಕಿತ್ತಳೆ ಟೆಂಟಿನವರಿಗೆ, ಸರ್ಕಾರಿ ದರದಲ್ಲಿ. ನಾನು ಆ ಹೊತ್ತಿಗೆ ಟೆಂಟ್ ಒರೆಸಿ ಒಣಗಿಸುತ್ತಿದ್ದೆ.

"ಅಕ್ಕಾ" ಅಥವಾ "ಅಣ್ಣಾ" ಅಂತ ಶುರುವಾಗಿ, ಮಗುಗೆ ಹುಷಾರಿಲ್ಲ, ರೋಸ್ ಕ್ಯಾನ್ಯನ್ ಎರಡು ರಾತ್ರಿ ಅಂತ ನಿಮಗೂ ಮೆಸೇಜ್ ಬಂದಿದ್ದರೆ, ಅಥವಾ ಆಗಲೇ ದುಡ್ಡು ಕೊಟ್ಟಿದ್ದರೆ, ನನಗೆ ತಿಳಿಸಿ. ನಾಚಿಕೊಳ್ಳಬೇಡಿ. ಮೂರ್ನಾಲ್ಕು ಜನ ಸೇರಿದರೆ ಒಟ್ಟಿಗೆ ಪೊಲೀಸ್ ಕಂಪ್ಲೇಂಟ್ ಕೊಡೋಣ. ಮೆಸೇಜ್‌ಗಳನ್ನೆಲ್ಲ ಹಾಗೇ ಉಳಿಸಿ ಇಟ್ಟಿದ್ದೇನೆ. ನೀವೂ ಅಳಿಸಬೇಡಿ.