ಬೈಲಿ ಸೇತುವೆಯ ಮಾದರಿ ಕಿಟ್: ಸಾಮಾನು ಒಳ್ಳೆಯದು, ಪುಸ್ತಿಕೆ ಸಾಲದು

ಮಂಗಳೂರಿನ ಹಂಪನಕಟ್ಟೆಯ ಒಂದು ಆಟಿಕೆ ಅಂಗಡಿಯಲ್ಲಿ, ಉಕ್ಕಿನ ಚೌಕಟ್ಟುಗಳನ್ನು (ಪ್ಯಾನೆಲ್) ಜೋಡಿಸಿ ಬೇಗನೆ ಕಟ್ಟುವ ಬೈಲಿ ಸೇತುವೆಯ ಮಾದರಿ ಕಿಟ್ ಸಿಕ್ಕಿತು. ತಗಡಿನದ್ದು, ಬೆಲೆ 1,450 ರೂಪಾಯಿ. ಮಗಳ ಜೊತೆ ಕೂತು ಜೋಡಿಸಿದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಎಲ್ಲ ಪ್ಯಾನೆಲ್‌ಗಳೂ ಒಂದೇ ಅಳತೆ. ಒಂದು ತುದಿಯಲ್ಲಿ ಒಂಟಿ ಕಿವಿ, ಇನ್ನೊಂದು ತುದಿಯಲ್ಲಿ ಜೋಡಿ ಕಿವಿ, ನಡುವೆ ಪಿನ್ನು ತೂರಿಸಿದರೆ ಮುಗಿಯಿತು, ಯಾವುದು ಎಲ್ಲಿಗೆ ಅಂತ ಹುಡುಕುವ ಗೋಜೇ ಇಲ್ಲ. ಇನ್ನೂ ಗಟ್ಟಿ ಬೇಕಾ, ಪಕ್ಕಕ್ಕೆ ಇನ್ನೊಂದು ಸಾಲು ಸೇರಿಸಿ, ಅಥವಾ ಮೇಲೆ ಇನ್ನೊಂದು ಅಂತಸ್ತು ಏರಿಸಿ. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಡೊನಾಲ್ಡ್ ಬೈಲಿ ಮಾಡಿದ ಉಪಾಯ ಇದೇ. ನಿಜವಾದ ಪ್ಯಾನೆಲ್ 10 ಅಡಿ ಉದ್ದ, 5 ಅಡಿ ಎತ್ತರ, ಸುಮಾರು 260 ಕಿಲೋ. ಆರು ಜನ ಸೇರಿದರೆ ಎತ್ತಬಹುದು, ಮಾಮೂಲಿ ಲಾರಿಯಲ್ಲಿ ತರಬಹುದು, ಕ್ರೇನ್ ಬೇಡ.

ಬೇಜಾರಾಗಿದ್ದು ಒಂದಕ್ಕೆ. ಈ ಸೇತುವೆಯನ್ನು ಈಚೆ ದಡದಲ್ಲೇ ಕಟ್ಟಿ ರೋಲರ್ ಮೇಲೆ ಆಚೆಗೆ ತಳ್ಳುತ್ತಾರೆ. ಮುಂದುಗಡೆ ಹಗುರವಾದ ಒಂದು ಮೂತಿ ಇರುತ್ತದೆ, ದಡ ಮುಟ್ಟಿದ ಮೇಲೆ ಅದನ್ನು ಬಿಚ್ಚುತ್ತಾರೆ. ಶತ್ರು ಆಚೆ ಕಡೆ ಇದ್ದರೂ, ಪ್ರವಾಹ ಇದ್ದರೂ ಕೆಲಸ ನಡೆಯುವುದು ಇದರಿಂದಲೇ, ಕಿಟ್‌ನಲ್ಲಿ ಮಾತ್ರ ಮೂತಿಯೂ ಇಲ್ಲ ರೋಲರೂ ಇಲ್ಲ! ನಾವು ಎರಡು ಮಣೆಗಳನ್ನು ದೂರ ಇಟ್ಟು, ಪೆನ್ಸಿಲ್‌ಗಳ ಮೇಲೆ ಮೆಲ್ಲ ತಳ್ಳಿದೆವು. ಹಿಂದಿನ ಭಾರ ಜಾಸ್ತಿ ಇರುವವರೆಗೆ ಮುಂದಿನ ತುದಿ ಬೀಳುವುದಿಲ್ಲ ಅಂತ ಮಗಳಿಗೆ ಆಗಲೇ ಗೊತ್ತಾಯಿತು.

ಪುಸ್ತಿಕೆ ಇಂಗ್ಲಿಷಿನಲ್ಲಿ ಮಾತ್ರ, ಅದರಲ್ಲೂ ಬರೀ ಯುದ್ಧದ ಕತೆ. ನಮ್ಮ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್ ಬಗ್ಗೆ ಒಂದು ಸಾಲೂ ಇಲ್ಲ. 1780ರಲ್ಲಿ ಶುರುವಾದ ಪಡೆ, ಈಗ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಮುಳ್ಳುತಂತಿಯ ಬೇಲಿ ಸಿಡಿಸುವ ಬೆಂಗಳೂರು ಟಾರ್ಪಿಡೊ 1912ರಲ್ಲಿ ಹುಟ್ಟಿದ್ದು ಅವರಲ್ಲೇ. ಅದೇ ಪಡೆಯವರು 2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆ ಕಟ್ಟಿದರು. ಜುಲೈ 30ರ ಬೆಳಗಿನ ಜಾವ ಗುಡ್ಡ ಜರಿಯಿತು, ಆಗಸ್ಟ್ 1ರ ಸಂಜೆಗೆ ಸೇತುವೆ ಸಿದ್ಧ. ಮೇಜರ್ ಸೀತಾ ಶೆಲ್ಕೆ ಅಲ್ಲಿ ನಿಂತು ಕೆಲಸ ಮಾಡಿಸಿದ್ದನ್ನು ಇಡೀ ದೇಶ ನೋಡಿದೆ. ಜೆಸಿಬಿ, ಆಂಬುಲೆನ್ಸ್ ಆಚೆ ದಾಟಿದ್ದು ಅದರ ಮೇಲೆ. 2018ರಲ್ಲಿ ಮೂಲರಪಟ್ಣದ ಸೇತುವೆ ಕುಸಿದಾಗ ಫಲ್ಗುಣಿ ನದಿಯ ಆಚೆ ಈಚೆಯವರು ಎಷ್ಟು ಸುತ್ತಿದರು ಅಂತ ಕಂಡ ನಮ್ಮೂರಿನ ಮಕ್ಕಳಿಗೆ ಹೇಳಬೇಕಾದದ್ದು ಇದೇ ಅಲ್ವಾ? ಯುದ್ಧಕ್ಕೆ ಕಲಿತ ಕೆಲಸ ಮಳೆಗಾಲದಲ್ಲಿ ಜನರನ್ನು ದಾಟಿಸುತ್ತದೆ ಅಂತ.

ತಗಡಿನ ಅಂಚು ಸ್ವಲ್ಪ ಹರಿತ ಉಂಟು, ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಬೇಡ. ಪಿನ್ನುಗಳು ಸಣ್ಣ, ತಟ್ಟೆಯಲ್ಲಿ ಹಾಕಿಟ್ಟುಕೊಳ್ಳಿ. ಪ್ಯಾನೆಲ್ ಒಂದು ಬಾಗಿತ್ತು, ಅಂಗಡಿಯವರು ಮಾತಿಲ್ಲದೆ ಬದಲಿಸಿ ಕೊಟ್ಟರು.