ಪಿಸಿಎಂಬಿ, ಪಿಸಿಎಂಸಿ, ವಾಣಿಜ್ಯ: ಆಯ್ಕೆಗೆ ಮುನ್ನ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದೊಡನೆ ಮಲ್ಲೇಶ್ವರ, ಜಯನಗರಗಳ ಕಾಲೇಜುಗಳಿಗೆ ಎಡತಾಕುವ ಪೋಷಕರಲ್ಲಿ ಅನೇಕರು ಪಿಯುಸಿ ವಿಜ್ಞಾನದ ಎರಡು ವಿಷಯಗುಚ್ಛಗಳಾದ ಪಿಸಿಎಂಬಿ, ಪಿಸಿಎಂಸಿಗಳ ನಡುವೆ ತೂಗಾಡುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎರಡರಲ್ಲೂ ಇವೆ. ನಾಲ್ಕನೆಯ ವಿಷಯವಷ್ಟೇ ಬೇರೆ: ಪಿಸಿಎಂಬಿಯಲ್ಲಿ ಜೀವಶಾಸ್ತ್ರ, ಪಿಸಿಎಂಸಿಯಲ್ಲಿ ಗಣಕವಿಜ್ಞಾನ. ಜೀವಶಾಸ್ತ್ರವು ನೀಟ್ ಬರೆದು ವೈದ್ಯಕೀಯಕ್ಕೆ ಹೋಗುವ ದಾರಿಯನ್ನು ತೆರೆದಿಡುತ್ತದೆ, ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವುದಕ್ಕೂ ಅಡ್ಡಿಯಾಗುವುದಿಲ್ಲ. ಆದರೆ ಚಿತ್ರ ಬಿಡಿಸುವುದು, ಪಾರಿಭಾಷಿಕ ಪದಗಳನ್ನು ನೆನಪಿಡುವುದು ಬೇಸರವೆನಿಸುವ ವಿದ್ಯಾರ್ಥಿಗೆ ಅದು ಎರಡು ವರ್ಷಗಳ ಹೊರೆಯೇ ಸರಿ. ಕಂಪ್ಯೂಟರ್ ಎಂಜಿನಿಯರಿಂಗ್ ಓದಲು ಪಿಯುಸಿಯಲ್ಲಿ ಗಣಕವಿಜ್ಞಾನ ಕಡ್ಡಾಯವಲ್ಲ, ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಅದರ ಅಂಕಗಳು ಸೇರುವುದೂ ಇಲ್ಲ. ಆದುದರಿಂದ ಅದಿಲ್ಲದೆ ಕಂಪ್ಯೂಟರ್ ಎಂಜಿನಿಯರಿಂಗ್ ಸಿಗದೆಂಬ ಭಯಕ್ಕಾಗಿ ಅಲ್ಲ, ಪ್ರೋಗ್ರಾಂ ಬರೆಯುವುದರಲ್ಲಿ ನಿಜವಾದ ಆಸಕ್ತಿಯಿದ್ದರೆ ಅದನ್ನು ಆರಿಸಿಕೊಳ್ಳಲಿ. ಲೆಕ್ಕಶಾಸ್ತ್ರದತ್ತ ಒಲವುಳ್ಳವರಿಗೆ ವಾಣಿಜ್ಯವೇ ನೇರ ದಾರಿ. ಜೊತೆಗೆ ಮೂಲಗಣಿತವನ್ನೂ ತೆಗೆದುಕೊಂಡರೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಹಂತದ ಪರೀಕ್ಷೆಯಾದ ಸಿಎ ಫೌಂಡೇಷನ್ನಿನ ಗಣಿತ, ಸಂಖ್ಯಾಶಾಸ್ತ್ರಗಳ ಪತ್ರಿಕೆ ಹಗುರವಾಗುತ್ತದೆ.