ಗಾಳಿಗೆ ಮುರಿದ ಹಲಸು, ಸೀಳಿದ ಮಾವು: ನಾಲ್ಕು ವರ್ಷದ ಲೆಕ್ಕ

ಡಾಮರು, ಬೋರ್ಡೋ ಪೇಸ್ಟ್, ಸೆಗಣಿ-ಮಣ್ಣು, ಏನೂ ಹಚ್ಚದೆ ಬಿಡುವುದು. ಈ ನಾಲ್ಕನ್ನೂ ಒಂದೇ ಹಲಸಿನ ಮರದ ನಾಲ್ಕು ಗಾಯಗಳ ಮೇಲೆ ಮಾಡಿ ನೋಡಿದ್ದೇನೆ. ಪ್ರಯೋಗ ಮಾಡುತ್ತೇನೆ ಅಂತ ಹೊರಟದ್ದಲ್ಲ. ಮನೆಯಲ್ಲಿ ನಾಲ್ಕು ಜನ ನಾಲ್ಕು ಮಾತು ಹೇಳಿದರು. ಯಾರಿಗೂ ಬೇಸರ ಆಗುವುದು ಬೇಡ ಅಂತ ಒಬ್ಬೊಬ್ಬರಿಗೆ ಒಂದೊಂದು ಗೆಲ್ಲು ಪಾಲು ಮಾಡಿಕೊಟ್ಟೆ, ಅಷ್ಟೆ.

2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಬಡಗು ಕಡೆಗೆ ಹೋಯಿತಲ್ಲ, ಆಗಿನ ಕಥೆ. ನಾವು ಕಾಸರಗೋಡಿನ ನೀರ್ಚಾಲು ಕಡೆಯವರು, ಕಡಲಿನಿಂದ ಸುಮಾರು ಒಳಗೆ. ಅಲೆಯ ಹೆದರಿಕೆ ಇಲ್ಲ. ಆದರೆ ಆ ರಾತ್ರಿಯ ಗಾಳಿಗೆ ಅಂಗಳದ ಹಲಸಿನ ಗೆಲ್ಲುಗಳು ಮುರಿದವು. ಬಾವಿಕಟ್ಟೆ ಹತ್ತಿರದ ಕಾಟುಮಾವು ಕವಲಿನಲ್ಲೇ ಸೀಳಿತು. ಗುಡ್ಡೆಯ ಗೇರುಮರ ಬೇರು ಸಮೇತ ವಾಲಿತು. ಹಲಸಿನಲ್ಲಿ ಕಾಯಿ ತುಂಬಿದ್ದ ಹೊತ್ತು ಬೇರೆ. ಕೇರಳದಲ್ಲಿ ಲಾಕ್‌ಡೌನ್ ಶುರುವಾಗಿ ಒಂದು ವಾರ ಆಗಿತ್ತಷ್ಟೆ. ಕರೆದರೆ ಬರುವವರು ಯಾರೂ ಇಲ್ಲ.

ಟೊರೊಂಟೊದಲ್ಲಿರುವ ಅಣ್ಣನ ಮಗನಿಗೆ ಫೋಟೋ ಕಳಿಸಿದೆ. ಅಲ್ಲಿ 2013ರ ಡಿಸೆಂಬರಿನಲ್ಲಿ ಐಸ್ ಮಳೆ ಬಂದು ಊರಿಡೀ ಮರಗಳು ಮುರಿದು, ದಿನಗಟ್ಟಲೆ ಕರೆಂಟ್ ಇಲ್ಲದೆ ಕೂತದ್ದನ್ನು ಅವನು ಕಂಡಿದ್ದಾನೆ. ಬೀಳುವಾಗ ನೀರು, ಗೆಲ್ಲಿಗೆ ತಾಗಿದ ಕೂಡಲೇ ಗಾಜಿನ ಹಾಗೆ ಹೆಪ್ಪುಗಟ್ಟುತ್ತದಂತೆ. ಆ ಭಾರಕ್ಕೆ ಮರ ಸೀಳುವುದೂ ಕವಲಿನಲ್ಲೇ. "ಚಿಕ್ಕಪ್ಪ, ಇಲ್ಲಿ ಐಸ್ ಹಿಡಿದ ಗೆಲ್ಲನ್ನು ಕೊಡವಲಿಕ್ಕೇ ಹೋಗಬಾರದು ಅಂತಾರೆ, ಅದಾಗಿ ಕರಗುವವರೆಗೆ ಬಿಡಬೇಕು. ನೀವೂ ಒಂದು ವಾರ ಸುಮ್ನೆ ಇರಿ. ತಲೆಯ ಮೇಲೆ ಬೀಳುವಂಥದ್ದು ಮಾತ್ರ ತೆಗೆಸಿ" ಅಂದ. ನಾನು ಕೇಳಲಿಲ್ಲ. ಮೂರನೇ ದಿನಕ್ಕೇ ಮರ ಕೊಯ್ಯುವ ಮೆಷಿನ್‌ನವನನ್ನು ಹುಡುಕಿ ಕರೆಸಿದೆ.

ಮೆಷಿನ್‌ನವನಿಗೆ ಗೊತ್ತಿದ್ದದ್ದು ಎರಡೇ ದಾರಿ. ಒಂದು ಬುಡದಿಂದಲೇ ಕಡಿಯುವುದು, ಇಲ್ಲವೆಂದರೆ ತಲೆ ಹಾರಿಸುವುದು. ಹಲಸಿನ ಒಂದು ದಪ್ಪ ಗೆಲ್ಲು ಅರ್ಧ ಮುರಿದು ನೇತಾಡುತ್ತಿತ್ತು. ಅದಕ್ಕೆ ಮೇಲಿನಿಂದ ಒಂದೇ ಏಟಿಗೆ ಕೊಯ್ದ. ಪೂರ್ತಿ ಕೊಯ್ಯುವ ಮೊದಲೇ ಗೆಲ್ಲು ತನ್ನ ಭಾರಕ್ಕೆ ಕುಸಿದು, ಬುಡದಿಂದ ಎರಡು ಅಡಿ ಕೆಳಗಿನವರೆಗೆ ತೊಗಟೆಯನ್ನು ಎಳೆದುಕೊಂಡೇ ಬಿತ್ತು. ಬಾಳೆಯ ಹಂಬೆ ಸುಲಿದ ಹಾಗೆ. ಹಟ್ಟಿಯ ಹಿಂದಿನ ಹೆಬ್ಬಲಸಿನ ತಲೆಯನ್ನೂ ಹಾರಿಸಿದ. ಅರ್ಧ ದಿನದ ಕೆಲಸ, ಕೈಯಿಂದ 4000 ರೂಪಾಯಿ ಹೋಯಿತು.

ಉಳಿದ ನಾಲ್ಕು ಗೆಲ್ಲು ತೆಗೆದದ್ದು ನಮಗೆ ಕಾಯಿ ಕೊಯ್ದುಕೊಡುವ ಅಣ್ಣ. ಗರಗಸಕ್ಕೆ ತೆಂಗಿನೆಣ್ಣೆ ಹಚ್ಚಿಕೊಂಡು ಹತ್ತಿದ, ಇಲ್ಲದಿದ್ದರೆ ಹಲಸಿನ ಮೇಣಕ್ಕೆ ಅಲಗು ಅಂಟಿ ನಿಲ್ಲುತ್ತದೆ. ಮೊದಲು ಕಾಂಡದಿಂದ ಒಂದೂವರೆ ಅಡಿ ಹೊರಗೆ, ಗೆಲ್ಲಿನ ಅಡಿಯಿಂದ ಮೂರರಲ್ಲೊಂದು ಪಾಲು ಕೊಯ್ದ. ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಗೆಲ್ಲು ತೊಗಟೆ ಸುಲಿಯದೆ ಬಿತ್ತು. ಕೊನೆಗೆ ಉಳಿದ ಮೋಟನ್ನು, ಬುಡದಲ್ಲಿ ಉಂಗುರದ ಹಾಗೆ ಉಬ್ಬು ಇರುತ್ತದಲ್ಲ, ಅದನ್ನು ಬಿಟ್ಟು ಅದರ ಆಚೆಗೇ ಕೊಯ್ದ. ಕಾಂಡಕ್ಕೆ ಒತ್ತಿ ಸಪಾಟು ಮಾಡಲೂ ಇಲ್ಲ, ಗೇಣುದ್ದ ಮೋಟು ಬಿಡಲೂ ಇಲ್ಲ. ಹೀಗೆ ಆರಾರು ಇಂಚು ಅಗಲದ ನಾಲ್ಕು ಗಾಯ. ಎರಡು ದಿನ ಹಿಡಿಯಿತು.

ಈಗ ಮದ್ದಿನ ವಿಷಯ.

ಡಾಮರು ಭಾವನ ಸಲಹೆ. ಮೊದಲ ಮಳೆಗಾಲದಲ್ಲಿ ನೋಡಲಿಕ್ಕೆ ಬಹಳ ಚಂದ, ನೀರು ಜಾರಿ ಹೋಗುತ್ತಿತ್ತು. ಮಾರ್ಚ್ ಬಿಸಿಲಿಗೆ ಬಿರುಕು ಬಿಟ್ಟಿತು. ಮರುವರ್ಷದ ಮಳೆನೀರು ಆ ಬಿರುಕಿನಲ್ಲಿ ಇಳಿದು ಒಳಗೇ ನಿಂತಿತು. ಕತ್ತಿಯ ತುದಿಯಿಂದ ಒಂದು ಚಕ್ಕೆ ಎಬ್ಬಿಸಿದರೆ ಅಡಿಯಲ್ಲಿ ಮರ ಕಪ್ಪಾಗಿ, ಒದ್ದೆ ರಸ್ಕಿನ ಹಾಗೆ ಮೆತ್ತಗಾಗಿತ್ತು. ನಾಲ್ಕರಲ್ಲಿ ಇದೇ ಕೆಟ್ಟದ್ದು.

ಸೆಗಣಿ-ಮಣ್ಣು ಅಮ್ಮನದ್ದು. ಮಳೆಗೆ ಎರಡು ವಾರವೂ ನಿಲ್ಲಲಿಲ್ಲ. ಉಳಿದ ಹೆಂಟೆಯ ಅಡಿಯಲ್ಲಿ ಒರಲೆ (ಗೆದ್ದಲು) ಹಿಡಿಯಿತು. ಅಮ್ಮನಿಗೆ ಹೇಳಿಲ್ಲ.

ಬೋರ್ಡೋ ಪೇಸ್ಟ್ ನನ್ನ ಆಯ್ಕೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವರ ಮನೆಯಲ್ಲಿ ಮೈಲುತುತ್ತು, ಸುಣ್ಣ ಇದ್ದೇ ಇರುತ್ತದೆ. ಅಡಿಕೆಗೆ ಬಿಡುವಾಗ ಎರಡೂ ಒಂದೊಂದು ಕಿಲೋ ಸೇರಿಸಿ ಒಟ್ಟು 100 ಲೀಟರ್ ನೀರು. ಪೇಸ್ಟಿಗಾದರೆ 10 ಲೀಟರ್ ಮಾತ್ರ. ನಾನು 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರಿನ ಲೆಕ್ಕದಲ್ಲಿ ಪ್ಲಾಸ್ಟಿಕ್ ಬಾಲ್ದಿಯಲ್ಲಿ ಮಾಡಿದೆ. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಕಲೆ ಹಿಡಿದರೆ ಸುಣ್ಣ ಕಡಿಮೆ ಅಂತ. ಒಮ್ಮೆ ಹಿಡಿಯಿತು, ಇನ್ನೊಂದು ಮುಷ್ಟಿ ಸುಣ್ಣ ಹಾಕಿದೆ. ಆ ಮಳೆಗಾಲ ಪೂರ್ತಿ ಆ ಗಾಯದಲ್ಲಿ ಅಣಬೆ ಏಳಲಿಲ್ಲ. ಎರಡನೇ ವರ್ಷಕ್ಕೆ ನೀಲಿ ಬಣ್ಣವೇ ಇರಲಿಲ್ಲ.

ಏನೂ ಹಚ್ಚದ್ದು ಟೊರೊಂಟೊದ ಅಣ್ಣನ ಮಗನ ಪಾಲು. ಅಲ್ಲಿನವರು ಈಗ ಗಾಯಕ್ಕೆ ಬಣ್ಣ ಬಳಿಯುವುದನ್ನೇ ಬಿಟ್ಟಿದ್ದಾರಂತೆ. ಅಮೆರಿಕದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದು ಇದು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಹಾಳಾದ ಭಾಗಕ್ಕೆ ಮರವೇ ಒಳಗಿನಿಂದ ಗೋಡೆ ಕಟ್ಟಿ, ಹೊರಗಿನಿಂದ ಹೊಸ ತೊಗಟೆಯಲ್ಲಿ ಮುಚ್ಚುತ್ತದೆ. ಹೊರಗಿನ ಬಳಿತದಿಂದ ಕೊಳೆ ನಿಲ್ಲುವುದಿಲ್ಲ. ನನಗೆ ನಂಬಿಕೆ ಬಂದಿರಲಿಲ್ಲ. ಈಗ ನೋಡಿದರೆ ಬೋರ್ಡೋ ಹಚ್ಚಿದ್ದಕ್ಕೂ ಖಾಲಿ ಬಿಟ್ಟದ್ದಕ್ಕೂ ಅಂಚಿನ ತೊಗಟೆ ಹೆಚ್ಚುಕಮ್ಮಿ ಒಂದೇ ಸಮ ಒಳಗೆ ಬಂದಿದೆ. ನಡುವೆ ಎರಡು ಬೆರಳು ಅಗಲ ಮಾತ್ರ ಬಾಕಿ.

ನನ್ನ ಪ್ರಕಾರ ಬೇಸಗೆಯಲ್ಲಿ ಕೊಯ್ದರೆ ಏನೂ ಬೇಡ. ಜೂನಿನಲ್ಲಿ ಕೊಯ್ಯಲೇಬೇಕಾಗಿ ಬಂದರೆ ಒಮ್ಮೆ ಬೋರ್ಡೋ ಹಚ್ಚುತ್ತೇನೆ. ಮದ್ದು ಹೇಗೂ ಮನೆಯಲ್ಲಿದೆ, ನಷ್ಟವಿಲ್ಲ. ಕಾಂಡಕೊರಕ ಹುಳಕ್ಕೆ ಮಾತ್ರ ಅದು ಮದ್ದಲ್ಲ, ಅಣಬೆಗಷ್ಟೇ. ಇನ್ನು ಮೆಷಿನ್‌ನವನು ಸುಲಿದ ಆ ಐದನೇ ಗಾಯಕ್ಕೆ ನಾನು ಬೋರ್ಡೋವನ್ನು ಮೂರು ಸಲ ಹಚ್ಚಿದ್ದೆ. ಅದು ಮುಚ್ಚಲೇ ಇಲ್ಲ. ಈಗ ಒಳಗೆ ಪೊಟರೆ, ಅದರಲ್ಲಿ ಕುಟ್ರು ಹಕ್ಕಿಯ ಸಂಸಾರ.

ತಲೆ ಹಾರಿಸಿದ ಹೆಬ್ಬಲಸಿನ ಗತಿಯೂ ಅಷ್ಟೆ. ಮೊದಲ ವರ್ಷ ಪೊದೆಯ ಹಾಗೆ ಚಿಗುರಿ, ನೋಡಿದವರೆಲ್ಲ "ಹೇಗೆ ಬಂತು ನೋಡಿ" ಅಂದರು. ಆ ಚಿಗುರುಗಳಿಗೆ ಬುಡದಲ್ಲಿ ಹಿಡಿತವಿಲ್ಲ. ಮೂರನೇ ಮಳೆಗಾಲಕ್ಕೆ ಕೈಮುಷ್ಟಿ ದಪ್ಪದ್ದು ಎರಡು ಕಿತ್ತು ಹಟ್ಟಿಯ ಹಂಚಿನ ಮೇಲೆ ಬಿದ್ದವು. ಗಾಳಿಗೆ ಮುರಿಯಬಾರದು ಅಂತ ಕಡಿಸಿದ್ದು, ಅಲ್ವಾ?

ಮಾವಿನದ್ದು ಬೇರೆಯೇ ಲೆಕ್ಕ. ಎರಡು ಕವಲೂ ಸುಮಾರು ಒಂದೊಂದು ಅಡಿ ದಪ್ಪ, ನಡುವೆ ಕೈ ತೂರುವಷ್ಟು ಸೀಳು. ಮೊದಲು ಹಗ್ಗ ಕಟ್ಟಿ ಎಳೆದು ಹತ್ತಿರ ತಂದು, ಹಳೆಯ ಟಯರಿನ ತುಂಡು ಇಟ್ಟು, ಸುತ್ತ ಜಿಐ ತಂತಿ ಬಿಗಿದೆವು. ಖರ್ಚು ಇಲ್ಲವೇ ಇಲ್ಲ. ಜೊತೆಗೆ ಅಡಿಕೆ ಮರದ ಊತ, ಅಂದರೆ ಆಧಾರದ ಕಂಬ, ಕೊಟ್ಟೆವು. ಊತ ಒಂದೇ ಮಳೆಗಾಲಕ್ಕೆ ಬುಡದಲ್ಲಿ ಕೊಳೆಯಿತು. ತಂತಿ ಸೀಳನ್ನು ಹಿಡಿದಿತ್ತು ನಿಜ, ಆದರೆ ಹತ್ತು ತಿಂಗಳಿಗೆ ತೊಗಟೆ ಅದರ ಎರಡೂ ಬದಿ ಉಬ್ಬಿ ಬಂತು. ಬಿಗಿ ಉಂಗುರ ಹಾಕಿದ ಬೆರಳಿನ ಹಾಗೆ. ಇನ್ನೊಂದು ವರ್ಷ ಬಿಟ್ಟಿದ್ದರೆ ತಂತಿಯೇ ಮರವನ್ನು ಕೊಲ್ಲುತ್ತಿತ್ತು.

2022ರ ಎಪ್ರಿಲಿನಲ್ಲಿ ಬೋಲ್ಟ್ ಹಾಕಿಸಿದೆ. ಗ್ಯಾರೇಜಿನ ಹುಡುಗ ಡ್ರಿಲ್ ಬಿಟ್ಟಿಗೆ ಸರಳು ವೆಲ್ಡ್ ಮಾಡಿ ಉದ್ದ ಮಾಡಿಕೊಟ್ಟ. ಕವಲಿನ ಸ್ವಲ್ಪ ಮೇಲೆ ಎರಡೂ ಕಡೆಯಿಂದ ತೂತು ಕೊರೆದು, 16 ಮಿಲಿಮೀಟರಿನ ಸರಳು ಹಾಯಿಸಿ, ಎರಡು ತುದಿಗೂ ಕಬ್ಬಿಣದ ತಗಡು ಕೊಟ್ಟು ನಟ್ಟು ಬಿಗಿದೆವು. ಕೊರೆಯುವಾಗ ಬಂದ ಹೊಟ್ಟಿಗೆ ಮಾವಿನ ಸೊನೆಯ ವಾಸನೆ, ಎಂಥದ್ದೋ ಸಂಕಟ ಆಯಿತು. ಮರದ ಮೈಯಲ್ಲಿ ತೂತು ಕೊರೆಯುವುದು ತಂತಿ ಕಟ್ಟುವುದಕ್ಕಿಂತ ಹಿಂಸೆ ಅಂತ ಕಾಣುತ್ತದೆ. ಆದರೆ ರಸ ಹರಿಯುವುದು ತೊಗಟೆಯ ಒಳಪದರದಲ್ಲಿ, ಸುತ್ತ ಬಿಗಿದರೆ ಅದೆಲ್ಲ ಕಟ್ಟಾಗುತ್ತದೆ. ತೂತಾದರೆ ಆ ಒಂದು ಜಾಗ ಮಾತ್ರ. ಮೇಲೆ, ಕವಲಿನಿಂದ ಗೆಲ್ಲಿನ ತುದಿಗೆ ಇರುವ ಉದ್ದದ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ, ಎರಡೂ ಕವಲುಗಳಿಗೆ ಕೊಕ್ಕೆ ಬೋಲ್ಟ್ ಹಾಕಿ ಉಕ್ಕಿನ ಹಗ್ಗ ಕಟ್ಟಿದೆವು. ಎಲ್ಲ ಸೇರಿ 5000ದ ಹತ್ತಿರ. ಮೆಷಿನ್‌ನವನು ಆ ಮಾವನ್ನು ಕಡಿಯಲಿಕ್ಕೇ 6000 ಕೇಳಿದ್ದ.

ಗೇರುಮರದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಭಾರ ಎಳೆಯುವ ಚೈನ್ ಬ್ಲಾಕ್ ಹಾಕಿ ನೆಟ್ಟಗೆ ಮಾಡಿದೆವು, ಮರುವಾರ ಮತ್ತೆ ವಾಲಿತು. ನಮ್ಮ ಮುರಕಲ್ಲಿನ ನೆಲದಲ್ಲಿ ಬೇರು ಆಳಕ್ಕೆ ಇಳಿದಿರುವುದಿಲ್ಲ. ವಾಲಿದ ಬದಿಯ ಎದುರಿನ ಮಣ್ಣಿನಲ್ಲಿ ಬಿರುಕು ಬಿಟ್ಟು ಬೇರು ಎದ್ದಿತ್ತು, ಆವಾಗಲೇ ಬಿಟ್ಟುಬಿಡಬೇಕಿತ್ತು. ಸೌದೆ ಆಯಿತು.

ಮಾವಿನ ಬೋಲ್ಟನ್ನು ಪ್ರತಿ ಎಪ್ರಿಲಿನಲ್ಲಿ ಏಣಿ ಇಟ್ಟು ನೋಡುತ್ತೇನೆ. ಈ ಸಲ ತಗಡಿನ ಒಂದು ಮೂಲೆಯನ್ನು ತೊಗಟೆ ನುಂಗಿದೆ, ನಟ್ಟು ಅರ್ಧ ಒಳಗೆ ಹೋಗಿದೆ. ಬಿಚ್ಚಿ ಸಡಿಲ ಮಾಡಲಾ ಅಂತ ಕಾಯಿ ಕೊಯ್ಯುವ ಅಣ್ಣನನ್ನು ಕೇಳಿದೆ. ಅವನು ಕೆಳಗಿನಿಂದಲೇ ನೋಡಿ, "ಅದಿನ್ನು ಮರದ್ದೇ, ನೀವು ಇಳೀರಿ" ಅಂದ.